ಪೆಟ್ಟಿಗೆಗಿಂತ ಉದ್ದದ ಕಾರ್ಡು

೨೦೨೫ರ ಮಾರ್ಚ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹತ್ತು ಇಪ್ಪತ್ತು. ಚಿಕ್ಕಮ್ಮ ಹಜಾರದ ನೆಲದ ಮೇಲೆ ಮೊಣಕಾಲೂರಿ, ಹಳೆಯ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಸ್ಟೀಲ್ ಸ್ಕೇಲನ್ನು ಒಳಗೆ ತೂರಿಸಿ ಅಳೆಯುತ್ತಿದ್ದಳು. ಹಿಂಬದಿಯಿಂದ ಹಾರ್ಡ್ ಡಿಸ್ಕ್ ಇಡುವ ತಗಡಿನ ಗೂಡಿನವರೆಗೆ ಇಪ್ಪತ್ತೊಂಬತ್ತೂವರೆ ಸೆಂಟಿಮೀಟರ್. ಮತ್ತೆ ಅಳೆದರೂ ಅಷ್ಟೇ ಬಂತು.

"ಸಾಕಾಗುತ್ತಾ?" ಕುರ್ಚಿಯಲ್ಲಿ ಕೂತು ಉಗುರು ಕತ್ತರಿಸುತ್ತಿದ್ದ ಗಂಡ ಕೇಳಿದ.

"ಸಾಕಾಗುತ್ತೆ."

"ನಾ ಹೇಳಲಿಲ್ವಾ? ಪೆಟ್ಟಿಗೆ ಕಲ್ಲಿನ ಹಾಗಿದೆ. ಒಳಗಿಂದಷ್ಟೇ ಬದಲಾಯಿಸಿದ್ರಾಯ್ತು. ಅವಳು ಆರಿಸಿ ತಂದಿದ್ದಲ್ವಾ, ಸುಮ್ಮನೆ ಅಲ್ಲ."

ಹೊರಗೆ ಬಿಸಿಲಿದೆ ಎನ್ನುವಷ್ಟು ಸಲೀಸಾಗಿ ಹೇಳಿದ್ದ. ಮದುವೆಯಾದ ಒಂದೂವರೆ ವರ್ಷದಿಂದ ಅವನು ಹಾಗೆಯೇ ಹೇಳುತ್ತಿದ್ದ. ಅಡುಗೆಮನೆಯ ಕಟ್ಟೆ ಸೊಂಟದ ಎತ್ತರಕ್ಕೆ ಸರಿಯಾಗಿದ್ದರೆ ಅದು ಅವಳು ಮಾಡಿಸಿದ್ದು. ಮಳೆನೀರು ಒಳಗೆ ಬಾರದ ಕಿಟಕಿ ಅವಳು ಹಾಕಿಸಿದ್ದು. ಈ ಮನೆಯಲ್ಲಿ ಸರಿಯಾಗಿರುವುದೆಲ್ಲ ಗಂಡನ ಮೊದಲ ಹೆಂಡತಿಯದು. ಬಾತ್‌ರೂಮಿನ ನಲ್ಲಿ ಸೋರುವುದೊಂದು ಮಾತ್ರ ಯಾರದೂ ಅಲ್ಲ. ಬದುಕಿರುವವಳಾಗಿದ್ದರೆ ಎದುರು ನಿಂತು ಜಗಳವಾಡಬಹುದಿತ್ತು. ತೀರಿಕೊಂಡು ನಾಲ್ಕು ವರ್ಷವಾದವಳ ಜೊತೆ ಜಗಳಕ್ಕೆ ನಿಂತರೆ ಸೋಲುವುದು ಯಾರೆಂದು ಚಿಕ್ಕಮ್ಮನಿಗೆ ಗೊತ್ತಿತ್ತು.

ಚಿಕ್ಕಮ್ಮ ಎಂದು ಕರೆದವಳು ಗಂಡನ ಹದಿಮೂರು ವರ್ಷದ ಮಗಳು. ಅವಳ ಬಾಯಿಂದ ಅದು ಪಕ್ಕದ ಮನೆಯವರಿಗೆ ದಾಟಿ, ಕೊನೆಗೆ ಗಂಡನ ನಾಲಿಗೆಗೂ ಹತ್ತಿತ್ತು. ಅಮ್ಮ ಎನ್ನುವ ಜಾಗ ಖಾಲಿ ಕಾಣುತ್ತಿದ್ದರೂ ಭರ್ತಿಯಾಗಿತ್ತು. ಹುಡುಗಿ ಮಾತು ಮೀರುವವಳಲ್ಲ, ಎದುರಾಡುವವಳೂ ಅಲ್ಲ. ಕೇಳಿದ್ದಕ್ಕೆಲ್ಲ ನೆಟ್ಟಗೆ ಉತ್ತರ ಕೊಟ್ಟು, ಮನೆಗೆ ಬಂದ ಅತಿಥಿಗೆ ದಾರಿ ಬಿಡುವವಳಂತೆ ಬದಿಗೆ ಸರಿದು ಹೋಗುತ್ತಿದ್ದಳು.

ಚಿಕ್ಕಮ್ಮ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಊರಿನ ಕೊಳವೆಬಾವಿಗಳ ಉಪ್ಪು ನೆಲದಡಿಯಲ್ಲಿ ಯಾವ ದಿಕ್ಕಿಗೆ ಹರಡುತ್ತಿದೆ ಎಂದು ಲೆಕ್ಕ ಹಾಕಿ ಚಿತ್ರ ಬಿಡಿಸುವ ಹೊಸ ಕೆಲಸ ಅವಳ ಪಾಲಿಗೆ ಬಂದಿತ್ತು. ಅದನ್ನು ಮನೆಯಿಂದಲೇ ಮಾಡಬಹುದಿತ್ತು, ಗಟ್ಟಿ ಕಂಪ್ಯೂಟರ್ ಇದ್ದರೆ. ಮನೆಯಲ್ಲಿದ್ದದ್ದರ ಬೋರ್ಡು ಡಿಸೆಂಬರಿನಲ್ಲಿ ಸುಟ್ಟುಹೋಗಿತ್ತು. ಒಂದೊಂದೇ ಭಾಗ ಆರಿಸಿ ತಾನೇ ಕಟ್ಟುವುದೆಂದು ಅವಳು ತೀರ್ಮಾನಿಸಿದಾಗ ಮನಸ್ಸಿನಲ್ಲಿದ್ದ ಆಸೆ ಇಷ್ಟೇ: ಈ ಮನೆಯಲ್ಲಿ ಒಂದು ವಸ್ತುವನ್ನು ತೋರಿಸಿ, ಇದು ಚಿಕ್ಕಮ್ಮ ಮಾಡಿದ್ದು ಎಂದು ಯಾರಾದರೂ ಹೇಳಬೇಕು.

ಈಗ ನೋಡಿದರೆ ಅದೂ ಹುಡುಗಿಯ ಅಮ್ಮನ ಪೆಟ್ಟಿಗೆಯೊಳಗೆ ಕೂರಬೇಕು.

ಚಿಕ್ಕಮ್ಮ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕಿದಳು. ಹೊಸ ಮದರ್‌ಬೋರ್ಡಿನ ತೂತುಗಳು ಹಳೆಯ ತಿರುಪುಗಳಿಗೆ ಸರಿಯಾಗಿ ಕೂರುತ್ತಿದ್ದವು. ಪವರ್ ಸಪ್ಲೈಗೆ ಬೇಕಾದ್ದಕ್ಕಿಂತ ಹೆಚ್ಚು ಶಕ್ತಿಯಿತ್ತು, ಬೇಕಾದ ವೈರುಗಳೂ ಇದ್ದವು. ಪ್ರೊಸೆಸರಿನ ಮೇಲೆ ಕೂರುವ ಫ್ಯಾನಿಗೆ ಎತ್ತರ ಸಾಕಿತ್ತು. ಹಿಂದಿನ ತಗಡಿನ ಮರೆಯಲ್ಲಿ ವೈರುಗಳನ್ನೆಲ್ಲ ಒಟ್ಟುಮಾಡಿ ಕಪ್ಪು ಪಟ್ಟಿಯಿಂದ ಬಿಗಿದು, ಪಟ್ಟಿಯ ತುದಿಗಳನ್ನು ಕೈಗೆ ಚುಚ್ಚದಂತೆ ನುಣ್ಣಗೆ ಕತ್ತರಿಸಲಾಗಿತ್ತು. ತಾನೇ ಕಟ್ಟಿದ್ದರೂ ಹೀಗೆಯೇ ಕಟ್ಟುತ್ತಿದ್ದೆ ಎಂದು ಚಿಕ್ಕಮ್ಮನಿಗೆ ಅನ್ನಿಸಿತು. ಅನ್ನಿಸಿದ್ದೇ ತಡ ತಗಡನ್ನು ಮತ್ತೆ ಮುಚ್ಚಿಬಿಟ್ಟಳು.

ಇಲ್ಲದ ತಪ್ಪನ್ನು ಇದೆ ಎನ್ನುವುದು ಅವಳ ಜಾಯಮಾನವಲ್ಲ. ಪ್ರಯೋಗಾಲಯದಲ್ಲಿ ದಶಮಾಂಶದ ಆಚೆಯ ಅಂಕಿಗೂ ತಲೆ ಕೆಡಿಸಿಕೊಳ್ಳುವವಳು. ಹಾಗಾಗಿ ಸುಳ್ಳು ಹೇಳದೆಯೇ ಆ ಪೆಟ್ಟಿಗೆಯನ್ನು ಮನೆಯಿಂದ ದಾಟಿಸಲು ಒಂದೇ ದಾರಿ ಉಳಿದಿತ್ತು. ನಿಜವಾಗಿಯೂ ಅದರಲ್ಲಿ ಹಿಡಿಸದ ಭಾಗವೊಂದನ್ನು ಆರಿಸುವುದು.

ಗ್ರಾಫಿಕ್ಸ್ ಕಾರ್ಡಿನಲ್ಲಿ ಅದು ಸಿಕ್ಕಿತು. ಅವಳ ಕೆಲಸಕ್ಕೆ ಗೇಣುದ್ದದ ಕಾರ್ಡು ಧಾರಾಳವಾಗಿ ಸಾಕು. ಅದೇ ಕಾರ್ಡನ್ನು ಮೂರು ಫ್ಯಾನು ಹಾಕಿ ಉದ್ದ ಮಾಡಿದ ಇನ್ನೊಂದು ನಮೂನೆ ಇತ್ತು. ಮೂವತ್ತೊಂದೂವರೆ ಸೆಂಟಿಮೀಟರ್.

"ಮೇಡಂ, ಇದು ಆನೆ ಇದ್ದ ಹಾಗಿದೆ," ಎಂದ ಬಿಡಿಭಾಗಗಳ ಅಂಗಡಿಯವನು, ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಡುತ್ತ. "ಆನೆ ತಗೊಂಡ್ಮೇಲೆ ಬಾಗಿಲು ಅಳೆಯೋ ಗಿರಾಕಿಗಳೇ ಜಾಸ್ತಿ ನಮಗೆ. ನಿಮ್ಮ ಕ್ಯಾಬಿನೆಟ್ ಉದ್ದ ನೋಡಿದೀರಾ?"

"ನೋಡಿದೀನಿ," ಎಂದಳು ಚಿಕ್ಕಮ್ಮ. ಅದು ಸುಳ್ಳಾಗಿರಲಿಲ್ಲ.

"ಡಬ್ಬಿ ಒಡೆದ್ರೆ ವಾಪಸ್ ಇಲ್ಲ ಮತ್ತೆ."

"ಬೇಡ ಬಿಡಿ."

ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವಳು ಕಟ್ಟಲು ಕೂತಳು. ಬೋರ್ಡು ಕೂತಿತು, ಪ್ರೊಸೆಸರ್ ಕೂತಿತು, ಮೆಮೊರಿಯ ಪಟ್ಟಿಗಳು ಟಕ್ಕೆಂದು ಕಚ್ಚಿಕೊಂಡವು. ಕಾರ್ಡು ಮಾತ್ರ ಗೂಡಿಗೆ ತಗುಲಿ ಓರೆಯಾಗಿ ನಿಂತಿತು. ಒಂದು ವಾರದಿಂದ ಮನಸ್ಸಿನಲ್ಲೇ ತಿದ್ದಿ ತೀಡಿಟ್ಟ ಮಾತನ್ನು ಚಿಕ್ಕಮ್ಮ ಹೊರಗೆ ತೆಗೆದಳು.

"ರೀ, ಇದು ಹಿಡಿಸ್ತಾ ಇಲ್ಲ. ಎರಡು ಸೆಂಟಿಮೀಟರ್ ಜಾಸ್ತಿ ಆಗುತ್ತೆ. ಬೇರೆ ಪೆಟ್ಟಿಗೆನೇ ತರಬೇಕು."

ಗಂಡ ಬಗ್ಗಿ ನೋಡಿದ. ಅವನಿಗೆ ಕೆಳಗಿನ ಮಹಡಿಯಲ್ಲಿ ಕನ್ನಡಕದ ಅಂಗಡಿ. ಜಗತ್ತಿನ ಸಮಸ್ಯೆಗಳೆಲ್ಲ ಅವನಿಗೆ ಮೂಗು ಮತ್ತು ಕಿವಿಗಳ ನಡುವೆ ಇರುವಂಥವು.

"ಎರಡು ಸೆಂಟಿಮೀಟರಿಗೆ ಪೆಟ್ಟಿಗೆ ಎಸೆಯೋದಾ? ಕನ್ನಡಕ ಸರಿಯಾಗಿ ಕೂರದಿದ್ರೆ ಅದರ ಕಡ್ಡಿ ಬಗ್ಗಿಸ್ತೀವಿ ಕಣೇ, ಗಿರಾಕಿ ಮೂಗು ಕೊಯ್ಯಲ್ಲ." ಹೇಳುತ್ತಲೇ ಗೂಡಿನ ತಗಡನ್ನು ಬೆರಳಿನಿಂದ ತಟ್ಟಿದ. "ಹಾಂ, ಇಲ್ಲಿ ಮೂಗೇ ಕೊಯ್ಯೋದು. ಗರಗಸದ ಬ್ಲೇಡು ಅಂಗಡಿಯಲ್ಲಿದೆ, ತರ್ತೀನಿ."

ಅವನು ಮೆಟ್ಟಿಲಿಳಿದು ಹೋದ. ಚಿಕ್ಕಮ್ಮ ಕೈಯಲ್ಲಿ ಕಾರ್ಡು ಹಿಡಿದು ಕೂತೇ ಇದ್ದಳು. ಅವನು ಹಿಂದೆಗೆಯುತ್ತಾನೆ, ಮೊದಲ ಹೆಂಡತಿಯದನ್ನು ಹಾಗೇ ಜೋಪಾನವಾಗಿ ಒಳಗಿಟ್ಟು ಹೊಸದು ತರೋಣ ಎನ್ನುತ್ತಾನೆ ಎಂದೇ ಅವಳು ಲೆಕ್ಕ ಹಾಕಿದ್ದಳು. ಊಟದ ಮೇಜಿನ ಹತ್ತಿರ ಪುಸ್ತಕ ಬಿಡಿಸಿಕೊಂಡಿದ್ದ ಹುಡುಗಿ ಎದ್ದು ಬಂದು ಗೋಡೆಗೊರಗಿ ನಿಂತಳು.

"ಆ ಕಾರ್ಡ್ ವಾಪಸ್ ಕೊಡಕ್ಕಾಗಲ್ವಾ?"

"ಡಬ್ಬಿ ಒಡೆದ ಮೇಲೆ ತಗೊಳ್ಳಲ್ಲ."

"ಚಿಕ್ಕದು ಇರಲಿಲ್ವಾ ಅಂಗಡೀಲಿ?"

"ಇತ್ತು."

"ಮತ್ತೆ?"

ಚಿಕ್ಕಮ್ಮ ಪೆಟ್ಟಿಗೆಯ ಮೇಲೆ ಬಗ್ಗಿದಳು. ಕಬ್ಬಿಣದ ಪುಡಿ ಬಿದ್ದರೆ ಹೊಸ ಬೋರ್ಡು ಹಾಳಾಗುತ್ತದೆಂದು ಅದನ್ನು ಬಿಚ್ಚತೊಡಗಿದಳು. ಹುಡುಗಿ ತಿರುಪುಗಳು ಒಂದೊಂದಾಗಿ ಹೊರಬರುವುದನ್ನು ನೋಡುತ್ತ ನಿಂತಳು.

ಗಂಡ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿಕೊಂಡು ಬಂದ. ಪೆಟ್ಟಿಗೆಯನ್ನು ಮಲಗಿಸಿ, ಮಗಳ ಕೈಗೆ ಟಾರ್ಚ್ ಕೊಟ್ಟ. "ಬೆಳಕು ಇಲ್ಲಿಗೆ ಹಿಡಿ ಮರಿ. ಅಲ್ಲಾಡಿಸಬೇಡ." ಆಮೇಲೆ ಯಾವುದೋ ಹಾಡನ್ನು ಮೂಗಿನಲ್ಲೇ ಗುನುಗುತ್ತ ಕೊಯ್ಯಲು ಶುರುಮಾಡಿದ.

ಹಲ್ಲು ಜುಮ್ಮೆನಿಸುವ ಸದ್ದು. ಚಿಕ್ಕಮ್ಮ ಗಂಡನ ಮುಖವನ್ನೇ ನೋಡಿದಳು. ಅಲ್ಲಿ ನೆನಪಿನ ಒಂದು ಗೆರೆಯೂ ಇರಲಿಲ್ಲ. ಬೆವರಿತ್ತು, ತಗಡು ಮಣಿಯುತ್ತಿದೆ ಎನ್ನುವ ಖುಷಿಯಿತ್ತು. ಒಂದೂವರೆ ವರ್ಷ ಅವಳು ಯಾವುದಕ್ಕೆ ಹೊಟ್ಟೆ ಉರಿದುಕೊಂಡಿದ್ದಳೋ ಅದು ಇವನಲ್ಲಿ ಇರಲೇ ಇಲ್ಲವೇ? ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಾಳೆ ನಾನಿಲ್ಲದಾಗ ನನ್ನದನ್ನೂ ಹೀಗೇ ಹಾಡು ಹೇಳಿಕೊಂಡು ಕೊಯ್ಯುತ್ತಾನೆ ಎನ್ನುವ ಯೋಚನೆ ಬಂತು.

ಆಗಲೇ ಅವಳ ಕಣ್ಣಿಗೆ ಅದು ಬಿದ್ದದ್ದು. ಟಾರ್ಚಿನ ಬೆಳಕಿನ ಅಂಚಿನಲ್ಲಿ, ಗೂಡಿನ ಬುಡದಲ್ಲಿ, ದಪ್ಪ ತಲೆಯ ಎರಡು ತಿರುಪುಗಳು. ಬೆರಳು ಜಾರದಂತೆ ಅಂಚಿಗೆ ಗೀರು ಹಾಕಿದವು, ಕೈಯಲ್ಲೇ ಬಿಚ್ಚಬಹುದಾದಂಥವು. ಗೂಡು ಪೆಟ್ಟಿಗೆಗೆ ಅಂಟಿದ್ದಲ್ಲ. ಬೇಕೆಂದಾಗ ಹೊರತೆಗೆಯಲೆಂದೇ ಮಾಡಿದ್ದು. ಇಂಥ ಪೆಟ್ಟಿಗೆಯನ್ನೇ ಹುಡುಕಿ ತಂದಿದ್ದಾಳೆ ಅವಳು, ಎಂದೋ ಒಂದು ದಿನ ಯಾರಿಗೋ ಉದ್ದದ ಕಾರ್ಡು ಬೇಕಾಗಬಹುದೆಂದು.

ಬ್ಲೇಡು ಹೋಗುತ್ತಿತ್ತು, ಬರುತ್ತಿತ್ತು. ಒಂದು ಮಾತು ಹೇಳಿದರೆ ನಿಲ್ಲುತ್ತಿತ್ತು. ಚಿಕ್ಕಮ್ಮನ ನಾಲಿಗೆ ಮೇಲೇಳಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಅವಳದೊಂದು ವಸ್ತು ಕೆಡುತ್ತಿದೆ, ಅದೂ ಅವಳ ಗಂಡನ ಕೈಯಿಂದ. ಕೆಡಲಿ. ಇನ್ನು ಸ್ವಲ್ಪ. ಬೆಳ್ಳಿಯ ಪುಡಿಯಂಥದ್ದು ಕೆಳಗೆ ಹಾಸಿದ್ದ ಪತ್ರಿಕೆಯ ಹಾಳೆಯ ಮೇಲೆ ಉದುರುತ್ತಿತ್ತು.

ಟಾರ್ಚಿನ ಬೆಳಕು ಓರೆಯಾಗಿ ಸರಿಯಿತು. ಚಿಕ್ಕಮ್ಮ ತಲೆಯೆತ್ತಿದಳು. ಹುಡುಗಿ ಬ್ಲೇಡನ್ನು ನೋಡುತ್ತಿರಲಿಲ್ಲ. ಅಪ್ಪನನ್ನೂ ನೋಡುತ್ತಿರಲಿಲ್ಲ. ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ರೆಪ್ಪೆ ಬಡಿಯದೆ, ಚಿಕ್ಕಮ್ಮನ ಮುಖವನ್ನೇ ನೋಡುತ್ತಿದ್ದಳು.

"ತಡೀರಿ."

"ಏನಾಯ್ತು? ಅರ್ಧ ದಾರಿ ಬಂದಿದೀನಿ!"

ಚಿಕ್ಕಮ್ಮ ಕೈ ಚಾಚಿ ಒಂದು ತಿರುಪು ಬಿಚ್ಚಿದಳು, ಇನ್ನೊಂದು ಬಿಚ್ಚಿದಳು. ಗೂಡು ಮೇಜಿನ ಖಾನೆಯಂತೆ ಸರಿದು ಅವಳ ಕೈಗೆ ಬಂತು. ಒಳಗೆ ಈಗ ಮೊಳದುದ್ದ ಜಾಗ ಖಾಲಿಯಾಗಿತ್ತು.

ಗಂಡ ಹಣೆ ಚಚ್ಚಿಕೊಂಡು ನಕ್ಕ. "ಇಷ್ಟೇನಾ! ಮೊದಲೇ ಹೇಳಬಾರ್ದಾ? ಕೈ ಬೊಬ್ಬೆ ಬಂತು ನಂದು. ನೋಡು, ಎಷ್ಟು ಯೋಚನೆ ಮಾಡಿ ತಂದಿದ್ದಾಳೆ ಅವಳು!" ಸೋರುವ ನಲ್ಲಿಯಲ್ಲಿ ಕೈ ತೊಳೆಯಲು ಒಳಗೆ ಹೋದ. ಗುನುಗು ಅಲ್ಲಿಂದ ಮುಂದುವರಿಯಿತು.

ಹುಡುಗಿ ಟಾರ್ಚ್ ಆರಿಸಿದಳು. ಚಿಕ್ಕಮ್ಮ ತಿರುಪುಗಳನ್ನು ಅಂಗೈಯಲ್ಲಿ ಹೊರಳಿಸಿದಳು.

"ನಿಂಗೆ ಗೊತ್ತಿತ್ತು," ಎಂದಳು.

"ಹೂಂ. ಧೂಳು ಹೊಡೆಯೋವಾಗ ಅಮ್ಮ ತೆಗೀತಿದ್ಳು. ಸ್ಕ್ರೂ ಹಿಡ್ಕೊಳ್ಳೋದು ನನ್ನ ಕೆಲಸ."

"ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ?"

"ನೀವು ಹೇಳ್ತೀರಾ ಇಲ್ವಾ ಅಂತ ನೋಡ್ತಿದ್ದೆ."

"ನಾನು ಆಗಷ್ಟೇ ನೋಡಿದ್ದು."

"ಸುಳ್ಳು," ಎಂದಳು ಹುಡುಗಿ. ದನಿ ಏರಿಸಲಿಲ್ಲ. "ಟಾರ್ಚ್ ಇದ್ದಿದ್ದು ನನ್ನ ಕೈಲಿ. ನೀವು ಯಾವಾಗ ನೋಡಿದ್ರಿ ಅಂತ ನಂಗೊತ್ತು."

ಚಿಕ್ಕಮ್ಮ ಅಲ್ಲ ಎನ್ನಲಿಲ್ಲ. ಅಂಗೈ ಚಾಚಿದಳು. ಹುಡುಗಿ ಎರಡೂ ತಿರುಪುಗಳನ್ನು ಎತ್ತಿಕೊಂಡು ಮುಷ್ಟಿ ಬಿಗಿದಳು. ಹೋಗಲಿಲ್ಲ. ಪತ್ರಿಕೆಯ ಈಚೆ ಬದಿಗೆ, ಪುಡಿ ತಾಗದಂತೆ, ಕಾಲು ಮಡಚಿ ಕೂತಳು.

ಗೂಡು ಚಿಕ್ಕಮ್ಮನ ತೊಡೆಯ ಮೇಲಿತ್ತು. ಕಪ್ಪು ಬಣ್ಣದ ನಡುವೆ ಗರಗಸದ ಗೆರೆ ಹೊಸದಾಗಿ ಹೊಳೆಯುತ್ತಿತ್ತು.

"ಎಷ್ಟು ಕೊಯ್ದಿದೆ?" ಹುಡುಗಿ ಕೇಳಿದಳು.

ಚಿಕ್ಕಮ್ಮ ಸ್ಕೇಲಿನ ತುದಿಯನ್ನು ಗೆರೆಯೊಳಗೆ ಇಳಿಸಿ, ಬೆಳಕಿಗೆ ತಿರುಗಿಸಿ ಓದಿದಳು.

"ಹನ್ನೊಂದು ಮಿಲಿಮೀಟರ್."