ಸದನದಲ್ಲಿ ಒಂದು ‘ಇಲ್ಲ’

ಸದನದ ನಟ್ಟನಡುವೆ ಒಂದು ಪುಟ್ಟ ಮೇಜು. ಅಲ್ಲಿ ಕೂತು ಶಾಸಕರು ಆಡಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ಅಕ್ಕನ ಕೆಲಸ. ಕಚೇರಿಗೆಲ್ಲ ಅವಳು ಅಕ್ಕನೇ. ಇಪ್ಪತ್ತೆಂಟು ವರ್ಷ ಬರೆದಿದ್ದಳು. ಬೈಗುಳ, ಸುಳ್ಳು, ಹುಸಿನಗು, ಯಾವುದನ್ನೂ ಬಿಟ್ಟಿರಲಿಲ್ಲ. ಆದರೆ ಅಲ್ಲಿ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಆಯ್ಕೆಯಾಗದವರು ಸದನದಲ್ಲಿ ತುಟಿ ಪಿಟಿಕ್ಕೆಂದರೂ ಕೆಲಸಕ್ಕೆ ಸಂಚಕಾರ. ನಿವೃತ್ತಿಗೆ ಇನ್ನೆರಡೇ ವರ್ಷ ಬೇರೆ.

ಆ ದಿನ ಬೆಳಿಗ್ಗೆ ನಗರದ ಬಸ್ ನೌಕರರ ಸಂಬಳದ ಮಾತು ಬಂತು. ಅಕ್ಕನ ಗಂಡನೂ ಬಸ್ ಚಾಲಕ; ನಾಲ್ಕು ವರ್ಷದಿಂದ ಅದೇ ಸಂಬಳ. ಮಂತ್ರಿಗಳು ಎದ್ದು, “ಖಜಾನೆ ಖಾಲಿ. ಎಲ್ಲರೂ ಹೊಟ್ಟೆ ಬಟ್ಟೆ ಕಟ್ಟಿ ನಡೆಯಬೇಕಾದ ಕಾಲ” ಎಂದು ಕೈಚೆಲ್ಲಿ ಕೂತರು. ಅಕ್ಕ ಒಂದಕ್ಷರ ಬಿಡದೆ ಬರೆದಳು. ಊಟ ಮುಗಿಸಿ ಬಂದು ನೋಡಿದರೆ ಶಾಸಕರ ಸಂಬಳ ದುಪ್ಪಟ್ಟು ಮಾಡುವ ಮಸೂದೆ! ತಂದವರು ಅದೇ ಮಂತ್ರಿಗಳು; ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲ. ವರ್ಷವಿಡೀ ಹಾವು ಮುಂಗುಸಿಯಂತೆ ಕಚ್ಚಾಡುವ ಎರಡೂ ಕಡೆಯವರು ಅವತ್ತು ಬೀಗರ ಹಾಗೆ ಹಲ್ಲು ಕಿರಿಯುತ್ತಿದ್ದರು.

“ಒಪ್ಪುವವರು ಹೌದು ಅನ್ನಿ” ಎಂದರು ಸಭಾಧ್ಯಕ್ಷರು. ಸೂರು ಹಾರಿಹೋಗುವಂಥ ‘ಹೌದು’ ಬಂತು.

“ಒಪ್ಪದವರು?”

ಸದನ ಗಪ್‌ಚುಪ್.

“ಇಲ್ಲ!”

ಅಯ್ಯೋ, ಅದು ಅಕ್ಕನ ಬಾಯಿಂದಲೇ ಬಂದಿತ್ತು! ಅವಳು ತಲೆ ಬಗ್ಗಿಸಿದಳು. ಕೈ ಮಾತ್ರ ಅಭ್ಯಾಸಬಲದಿಂದ ಅದನ್ನೂ ಬರೆದುಕೊಂಡಿತು.

“ಯಾರ್ರೀ ಅದು?” ಶಾಸಕರು ಅಕ್ಕಪಕ್ಕದವರನ್ನು ಕೆಕ್ಕರಿಸಿ ನೋಡಿದರು. ನಡುವಿನ ಮೇಜಿನತ್ತ ನೋಡಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಅದನ್ನು ಅವರು ಯಾವತ್ತು ನೋಡಿದ್ದರು ಬಿಡಿ. “ಒಂದು ಇಲ್ಲ ಕೇಳಿಸ್ತು. ಹಾಗಿದ್ರೆ ಸಂಬಳ ಬೇಕನ್ನೋರು ಎದ್ದು ನಿಲ್ಲಿ, ಎಣಿಸೋಣ” ಎಂದರು ಸಭಾಧ್ಯಕ್ಷರು. ಟೀವಿ ಕ್ಯಾಮೆರಾಗಳು ತಿರುಗಿದವು. ಗುಂಪಿನಲ್ಲಿ ಕೂಗಿದರೆ ಯಾರ ಬಾಯಿ ಎಂದು ಗೊತ್ತಾಗುವುದಿಲ್ಲ, ನಿಂತರೆ ಜಗತ್ತಿಗೆಲ್ಲ ಮುಖ ಕಾಣುತ್ತದೆ. ಒಬ್ಬರು ಅರ್ಧ ಎದ್ದು, ಕುರ್ಚಿ ಸರಿಮಾಡಿಕೊಂಡವರಂತೆ ನಟಿಸಿ, ಮತ್ತೆ ಕೂತರು. ಕೊನೆಗೆ ನಿಂತವರು ಒಂಬತ್ತೇ ಜನ. ಮಸೂದೆ ಬಿದ್ದುಹೋಯಿತು. ಮಂತ್ರಿಗಳು ಬೆವರೊರೆಸಿಕೊಂಡು, “ಮುಂದಿನ ತಿಂಗಳು ಬಸ್ಸಿನವರದ್ದು ಮೊದಲು ಮಾಡೋಣ, ನಮ್ಮದು ಆಮೇಲೆ” ಎಂದರು. ಅಕ್ಕ ಅದನ್ನು ಒತ್ತಿ ಒತ್ತಿ ಬರೆದುಕೊಂಡಳು.

ಸಂಜೆ ಟೈಪ್ ಮಾಡಲು ಕೂತಾಗ ಬೆರಳು ತಡೆಯಿತು. ಪ್ರತಿ ಮಾತಿನ ಹಿಂದೆ ಆಡಿದವರ ಹೆಸರು ಇರಬೇಕು. ಆ ‘ಇಲ್ಲ’ವನ್ನು ಬಿಟ್ಟುಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಆದರೆ ಇಷ್ಟು ವರ್ಷ ಯಾರ ಮಾತನ್ನೂ ಮುಚ್ಚಿಡದವಳು ತನ್ನದನ್ನು ಮುಚ್ಚಿಡುವುದೇ? ಛೆ! ತನ್ನ ಹೆಸರನ್ನೇ ಟೈಪ್ ಮಾಡಿ, ಹಾಳೆ ಹಿಡಿದು ಸದನದ ಕಾರ್ಯದರ್ಶಿಯ ಕೋಣೆಗೆ ನಡೆದಳು.

“ಸಾರ್, ಆ ಇಲ್ಲ ನಂದು. ಏನ್ ಮಾಡ್ತೀರೋ ಮಾಡಿ.”

ಸಭಾಧ್ಯಕ್ಷರ ಪಕ್ಕದಲ್ಲೇ ದಿನವೂ ಮೌನವಾಗಿ ಕೂರುವ ಮನುಷ್ಯ ಅವರು. ಹಾಳೆಯನ್ನು ಎರಡು ಸಲ ಓದಿದರು. “ಆಯ್ಕೆಯಾದವರ ಮಾತು ಮಾತ್ರ ದಾಖಲೆಗೆ ಹೋಗೋದು ಅಕ್ಕಾ. ನೀವು ಆಡಿದ್ದು ಮಾತೇ ಅಲ್ಲ” ಎಂದು ಆ ಸಾಲಿಗೆ ಕೆಂಪು ಗೆರೆ ಎಳೆದರು. “ಹೋಗಿ, ಬಾಕಿ ಮುಗಿಸಿ.”

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಅವರು ಮೆಲ್ಲಗೆ ಕರೆದರು.

“ಅಕ್ಕಾ, ನಂಗೂ ನಾಲಿಗೆ ತುದಿಗೇ ಬಂದಿತ್ತು. ನಾನು ನುಂಗ್ಕೊಂಡೆ.”