ಕಂಡುಬಂದಿಲ್ಲ

"ಕಂಡುಬಂದಿಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲ ಸಾರ್," ಎಂದಳು ನರ್ಸ್. ಮೇಜಿನ ಮೇಲೆ ಎರಡು ರಿಪೋರ್ಟು. ಹಳೆಯದರಲ್ಲಿ 'ಎಚ್‌ಐವಿ ವೈರಸ್ ಕಂಡುಬಂದಿಲ್ಲ' ಎಂದಿತ್ತು. ಹೊಸದರಲ್ಲಿ ವೈರಸ್ಸಿನ ಎಣಿಕೆ, ಐದಂಕಿಯ ಸಂಖ್ಯೆ. "ಮಾತ್ರೆ ಅದನ್ನ ಬೆಳೆಯೋಕೆ ಬಿಡಲ್ಲ, ಅಷ್ಟೇ. ಒಂದಿಷ್ಟು ಜೀವಕೋಶಗಳ ಒಳಗೆ ಸುಮ್ಮನೆ ಮಲಗಿರುತ್ತೆ. ಅಲ್ಲಿ ಮಾತ್ರೆದೂ ಆಟ ನಡೆಯಲ್ಲ, ಟೆಸ್ಟಿಗೂ ಸಿಗಲ್ಲ. ನೀವು ನಿಲ್ಲಿಸಿದ್ರಿ, ಎದ್ದು ಕೂತಿದೆ."

ಇಪ್ಪತ್ತಾರು ವರ್ಷದಿಂದ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊನೆಯ ಕರಡಿನ ಮೂಲೆಯಲ್ಲಿ 'ತಪ್ಪು ಕಂಡಿಲ್ಲ' ಎಂದು ಬರೆದು ಸಹಿ ಹಾಕುತ್ತಿದ್ದನೇ ಹೊರತು 'ತಪ್ಪಿಲ್ಲ' ಎಂದು ಅವನು ಒಮ್ಮೆಯೂ ಬರೆದವನಲ್ಲ. ಪುಸ್ತಕ ಅಚ್ಚಾಗಿ ಬಂದ ಮೇಲೆ ಮೊದಲ ಪುಟದಲ್ಲೇ ಹಲ್ಲು ಕಿರಿಯುವ ತಪ್ಪುಗಳನ್ನು ಬೇಕಾದಷ್ಟು ನೋಡಿದ್ದ. ಊರವರ ತಪ್ಪನ್ನೆಲ್ಲ ಹುಡುಕುವವನು ತನ್ನ ರಿಪೋರ್ಟು ಓದುವಾಗಲೇ ಎಡವಿದ್ದ. ಹನ್ನೊಂದು ವರ್ಷ ನುಂಗಿ ನುಂಗಿ ಬೇಸತ್ತು, ಗೆದ್ದೆನೆಂದು ಬೀಗಿ, ನಾಲ್ಕು ತಿಂಗಳ ಹಿಂದೆ ಮಾತ್ರೆ ಬಿಟ್ಟಿದ್ದ. ಹೆಂಡತಿಗೆ ಹೇಳಿರಲಿಲ್ಲ.

"ಇವತ್ತಿಂದಲೇ ಮತ್ತೆ ಶುರು ಮಾಡಿ. ಮನೆಯವರನ್ನೂ ಕರ್ಕೊಂಡು ಬನ್ನಿ, ಅವರಿಗೂ ಪರೀಕ್ಷೆ ಆಗ್ಬೇಕು."

ಎಲ್ಲ ಗೊತ್ತಿದ್ದೂ ಅವನ ಕೈಹಿಡಿದವಳು ಹೆಂಡತಿ. ಮಾತ್ರೆ ತಪ್ಪಿಸಬಾರದು ಎಂಬ ಒಂದೇ ಮಾತು ಪಡೆದಿದ್ದಳು. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅವಳೂ ಅದೇ ಪ್ರೆಸ್ಸಿನವಳು. ಅವಳು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು, ಅವನು ಕರಡಿನ ಮೇಲೆ ಪೆನ್ಸಿಲ್ ಆಡಿಸುತ್ತಾ ಹಿಂಬಾಲಿಸುವುದು. ಅಲ್ಪವಿರಾಮ ಬಂದರೆ ಅದನ್ನೂ ಬಾಯಿಬಿಟ್ಟು ಹೇಳಿ, ಪೆನ್ಸಿಲ್ ಅಲ್ಲಿಗೆ ಮುಟ್ಟುವವರೆಗೆ ಕಾಯುತ್ತಿದ್ದಳು. ಅಂದು ಮಧ್ಯಾಹ್ನ ಅವಳು ಓದಲು ಶುರುಮಾಡುವ ಮೊದಲೇ ಅವನು ಎಲ್ಲವನ್ನೂ ಹೇಳಿಬಿಟ್ಟ.

"ನಾಲ್ಕು ತಿಂಗಳು," ಎಂದಳು. "ದಿನಾ ನನ್ನೆದುರೇ ಕೂತು ಊಟ ಮಾಡಿದ್ರಲ್ಲ."

ಮರುದಿನ ಹೋಗಿ ರಕ್ತ ಕೊಟ್ಟು ಬಂದಳು. ಮೂರು ದಿನ ಹಸ್ತಪ್ರತಿ ಓದಿದ್ದು ಬಿಟ್ಟರೆ ಅವನೊಂದಿಗೆ ಬೇರೆ ಮಾತಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅವಳ ರಿಪೋರ್ಟು ಬಂತು. ಅವನ ಮುಂದೆ ಮಾತ್ರೆಯನ್ನೂ ಒಂದು ಲೋಟ ನೀರನ್ನೂ ಇಟ್ಟು, ಎದುರು ಕುಳಿತು, ಪ್ರೆಸ್ಸಿನಲ್ಲಿ ಓದುವ ದನಿಯಲ್ಲೇ ಓದಿದಳು.

"ಸೋಂಕು ಕಂಡುಬಂದಿಲ್ಲ, ಅಲ್ಪವಿರಾಮ."

ಅಲ್ಲಿಗೆ ನಿಲ್ಲಿಸಿದಳು. ಅವನು ಮಾತ್ರೆ ನುಂಗಿ ಲೋಟ ಕೆಳಗಿಡುವವರೆಗೂ ಕಾದಳು.

"ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು."

ಪೂರ್ಣವಿರಾಮವನ್ನು ಓದಲಿಲ್ಲ.