ದಂಡಿನ ಮಾಚಪ್ಪನ ಇಸ್ತ್ರಿಪೆಟ್ಟಿಗೆ

ನಾನು ಒಂದು ಹಿತ್ತಾಳೆಯ ಇಸ್ತ್ರಿಪೆಟ್ಟಿಗೆ. ಹಾವೇರಿ ಕಡೆಯ ಕಂಚುಗಾರನೊಬ್ಬ ನನ್ನನ್ನು ಎರಕ ಹೊಯ್ದು, ಚಿಲಕದ ಮೇಲೆ ಪುಟ್ಟ ಹುಂಜ ಕೂರಿಸಿದ. ಕೊಂಡವರು ಮಡಿವಾಳರ ಫಕೀರಪ್ಪ. ಅವರ ಮಗ ಮಾಚಪ್ಪ ದಂಡು ಸೇರಲು ಹೊರಟಾಗ ಹಾಸಿಗೆಯ ಸುರುಳಿಯಲ್ಲಿ ನನ್ನನ್ನೂ ಸುತ್ತಿಕೊಂಡ.

ಪಲ್ಟಣದಲ್ಲಿ ಅವನ ಕೆಲಸ ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು. ಬಂದೂಕು ಹಿಡಿಯಲು ಕಲಿಸಿದ್ದರು. ಹಾರಿಸುವ ಪ್ರಸಂಗ ಬರಲಿಲ್ಲ. ಬೆಟ್ಟದ ಚಳಿಯಲ್ಲಿ ಸಿಪಾಯಿಗಳು ಅಂಗಿಯ ನೆಪ ಮಾಡಿಕೊಂಡು ಬಂದು ನನ್ನ ಮೇಲೆ ಕೈ ಕಾಯಿಸಿಕೊಳ್ಳುತ್ತಿದ್ದರು. ಅವರಲ್ಲಿ ತಂಗರಾಜನೆಂಬವನಂತೂ ದಿನಾ ಬರುತ್ತಿದ್ದ.

ಎಪ್ಪತ್ತೊಂದರ ಯುದ್ಧದಲ್ಲಿ ನಮ್ಮ ಪಲ್ಟಣದ ಮೂವರು ಮಡಿದರು. ತಂಗರಾಜ ಅವರಲ್ಲೊಬ್ಬ.

"ಹೊತ್ತಿಲ್ಲ ಧೋಬಿ, ಇದ್ದ ಬಟ್ಟೆಯಲ್ಲೇ ಸಂಸ್ಕಾರ ಆಗಲಿ" ಎಂದರು ಸುಬೇದಾರರು.

"ಅರ್ಧ ತಾಸು ಕೊಡ್ರಿ ಸಾಹೇಬ್ರ" ಎಂದು ಮಾಚಪ್ಪ ಕೈಮುಗಿದ.

ಸತ್ತವರ ಪೆಟ್ಟಿಗೆಗಳಿಂದ ಬೇರೆ ಸಮವಸ್ತ್ರ ತೆಗೆಸಿದ. ದೂರದಲ್ಲಿ ಫಿರಂಗಿ ಗುಡುಗುತ್ತಿತ್ತು. ಎರಡು ಜೊತೆ ಬೇಗ ಮುಗಿಸಿದ. ತಂಗರಾಜನ ಅಂಗಿಯ ಮೇಲೆ ಮಾತ್ರ ನನ್ನನ್ನು ಎರಡೆರಡು ಸಲ ಓಡಿಸಿದ. ಒಂದು ಮಡಿಕೆಯೂ ತಪ್ಪಲಿಲ್ಲ. ಸುಬೇದಾರರು ಅಂಗಿಗಳನ್ನು ಎರಡೂ ಕೈಯಲ್ಲಿ ಹಿಡಿದು, "ಬಾ ಮಾಚಪ್ಪ, ನೀನೇ ತೊಡಿಸು" ಎಂದರು. ಆಮೇಲೆ ಅವರು ಅವನನ್ನು ಹೆಸರು ಹಿಡಿದೇ ಕರೆದರು.

ಮಾಚಪ್ಪ ನಿವೃತ್ತನಾಗಿ ಊರಿಗೆ ಬಂದು ಬಸ್ ನಿಲ್ದಾಣದ ಎದುರು ಇಸ್ತ್ರಿ ಅಂಗಡಿ ಹಾಕಿದ. "ಬಟ್ಟಿ ಒಗದು ಮಿಲ್ಟ್ರಿ ಪಿಂಚಣಿ ತಗೊಂತಾನ" ಎಂದು ಜನ ನಗೆಯಾಡುತ್ತಿದ್ದರು. "ಚಲೋ ಒಗದೀನಪಾ, ಅದಕ್ಕ ಕೊಡತಾರ" ಎಂದು ಅವನೂ ನಗುತ್ತಿದ್ದ. ಮಗಳು ನೀಲವ್ವನಿಗೆ ಪ್ಯಾಂಟಿನ ಗೆರೆ ಕೂರಿಸುವುದನ್ನು ಕಲಿಸಿದ. ತಂಗರಾಜನ ಸುದ್ದಿಯನ್ನು ಅವಳಿಗೊಬ್ಬಳಿಗೇ ಹೇಳಿದ್ದ.

ಎಂಬತ್ತೊಂದನೆಯ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ಕೂತವನು ಹಾಗೇ ಗೋಡೆಗೆ ಒರಗಿದ, ಮತ್ತೆ ಏಳಲಿಲ್ಲ. ನೀಲವ್ವ ಅತ್ತಳು. ಆಮೇಲೆ ಎದ್ದು ಅಪ್ಪನ ಸಮವಸ್ತ್ರ ಹೊರತೆಗೆದು, ನನ್ನೊಳಗೆ ಇದ್ದಿಲು ಹೊತ್ತಿಸಿದಳು.

"ಮಣ್ಣಿಗೆ ಹೋಗೂ ಅರಿವಿಗೆ ಇಸ್ತ್ರಿ ಯಾಕ ಬೇ?" ಎಂದಳು ಪಕ್ಕದ ಮನೆಯ ಬಸಕ್ಕ.

"ಅಪ್ಪ ಸುಕ್ಕಿದ್ದ ಅರಿವಿ ಹಾಕ್ಕೊಂಡು ಹೊರಗ ಹೋಗಿದ್ದು ನೋಡೀಯೇನು?"

ಬಸಕ್ಕ ಅಂಗಿಯ ಇನ್ನೊಂದು ತುದಿ ಹಿಡಿದು ನಿಂತಳು.

ತಾಲ್ಲೂಕಿನ ಮಾಜಿ ಸೈನಿಕರು ಬಂದರು. ಕೋಲೂರಿಕೊಂಡು ಬಂದ ಮುದುಕರೊಬ್ಬರು ಕೋಲನ್ನು ಪಕ್ಕದವರ ಕೈಗೆ ಕೊಟ್ಟು, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ನಗೆಯಾಡಿದವರೂ ಟೋಪಿ ತೆಗೆದರು.

ಈಗ ಅಂಗಡಿಯಲ್ಲಿ ನೀಲವ್ವನ ಕರೆಂಟಿನ ಇಸ್ತ್ರಿ ಓಡಾಡುತ್ತದೆ. ಹಳೆ ಹಿತ್ತಾಳೆ ಕೊಳ್ಳುವವನು ಎರಡು ಸಲ ಬಂದು ಕೇಳಿದ. "ಅದು ಮಾರೂದಲ್ಲರಿ" ಎಂದು ಕಳಿಸಿದಳು. ಅಮಾವಾಸ್ಯೆಗೊಮ್ಮೆ ನನಗೆ ಹುಣಸೆಹುಳಿ ಹಚ್ಚಿ ತಿಕ್ಕಿ, ಅಂಗಡಿಯ ಗೋಡೆಯ ಮಾಡದಲ್ಲಿ ಕೂರಿಸುತ್ತಾಳೆ. ಅಲ್ಲಿಂದ ಬೀದಿ ಕಾಣುತ್ತದೆ. ಬಿಳಿ ಅಂಗಿ ತೊಟ್ಟ ಶಾಲೆಯ ಮಕ್ಕಳು ಹೋಗುತ್ತಾರೆ, ಬಸ್ಸುಗಳು ಬರುತ್ತವೆ.

ಬದುಕಿಡೀ ಕೆಂಡ ನುಂಗಿದೆ. ಈಗ ನನ್ನ ಹೊಟ್ಟೆ ತಣ್ಣಗಿದೆ.